ಯುದ್ಧದ ಎಂಜಿನ್ನು: ಅಸಲೋ, ನಕಲೋ?

ಗಚ್ಚಿಬೌಲಿಯಲ್ಲಿ ನಮ್ಮ ಮನೆಯ ಕಡೆಗೆ ತಿರುಗುವ ರಸ್ತೆಯ ಮೂಲೆಯಲ್ಲಿ ಒಂದು ಉಪಾಹಾರಗೃಹವಿದೆ. ಅದರ ಬಾಗಿಲಿನಲ್ಲಿ ಹಳೆಯ ಜೀಪೊಂದನ್ನು ನಿಲ್ಲಿಸಿದ್ದಾರೆ. ಮೈಗೆಲ್ಲ ಪಾಚಿಯ ಹಸಿರು, ಬಾನೆಟ್ಟಿನ ಮೇಲೆ ದೊಡ್ಡದೊಂದು ಬಿಳಿಯ ನಕ್ಷತ್ರ. ಭಾನುವಾರ ಬೆಳಗ್ಗೆ ಇಡ್ಲಿ ತಿನ್ನಲು ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೀಗೆ ಒಂದು ದಿನ ಫೋಟೋಕ್ಕೆ ನಿಂತ ನನ್ನ ಎಂಟು ವರ್ಷದ ಮಗ, “ಅಪ್ಪಾ, ಇದು ನಿಜವಾಗ್ಲೂ ಯುದ್ಧಕ್ಕೆ ಹೋಗಿದ್ದ ಜೀಪಾ?” ಎಂದು ಕೇಳಿದ. ನಾನು ಹಿಂದುಮುಂದು ನೋಡದೆ “ಹೌದು ಮರಿ, ನಕ್ಷತ್ರ ಕಾಣೋದಿಲ್ಲವೆ?” ಎಂದುಬಿಟ್ಟೆ.

ಆ ಉತ್ತರ ಎಷ್ಟು ಅವಿವೇಕದ್ದು ಎಂಬುದು ತಿಳಿಯಲು ನನಗೆ ಆರು ತಿಂಗಳೂ ಎರಡು ಸಾವಿರ ರೂಪಾಯಿಗಳೂ ಹಿಡಿದವು. ಆ ಕಥೆಯನ್ನು ನಮ್ಮ ಪತ್ರಿಕೆಯ ಓದುಗರ ಮುಂದೆ ಇಡುತ್ತಿದ್ದೇನೆ. ನಮ್ಮಲ್ಲಿ ಹಲವರ ಊರಮನೆಗಳಲ್ಲಿ, ಕೊಟ್ಟಿಗೆಯ ಮೂಲೆಯಲ್ಲೋ ತೋಟದ ಷೆಡ್ಡಿನಲ್ಲೋ, ಹಳೆಯ ಕಬ್ಬಿಣ ಬಿದ್ದಿರುತ್ತದೆ. ಅದನ್ನು ಗುಜರಿಯವನಿಗೆ ತೂಗಿ ಕೊಡುವ ಮುನ್ನ ಇದನ್ನೊಮ್ಮೆ ಓದಿದರೆ ನಷ್ಟವಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ನಾನು ಎಂಜಿನಿಯರನಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬಿ.ಎ. ಓದಿದವನು. ಎಂಜಿನ್ನಿಗೂ ನನಗೂ ಇದ್ದ ಸಂಬಂಧ ಬಸ್ಸಿಗೂ ಬಸ್ಸಿಗಾಗಿ ಕಾಯುವವನಿಗೂ ಇರುವಷ್ಟೇ. ಈ ತೊಡಕಿಗೆ ನನ್ನನ್ನು ಸಿಕ್ಕಿಸಿದವರು ಸಕಲೇಶಪುರದ ಕಡೆ ಕಾಫಿ ತೋಟ ಇಟ್ಟುಕೊಂಡಿರುವ ನಮ್ಮ ಭಾವ.

ಭಾವನವರ ಮನೆಯಲ್ಲಿ ಒಂದು ಜೀಪಿದೆ. ಅವರ ತಾತ ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಕೊಂಡದ್ದು. ಪೆಟ್ರೋಲಿನ ಖರ್ಚು ತಾಳಲಾರದೆ ಎಂಬತ್ತರ ದಶಕದಲ್ಲಿ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಮಲೆನಾಡಿನ ತೋಟಗಳಲ್ಲಿ ಎಷ್ಟೋ ಜೀಪುಗಳ ಚರಿತ್ರೆ ಇದೇ. ಒಂದು ದಿನ ಭಾವ ಫೋನು ಮಾಡಿದರು: “ನೋಡಯ್ಯ, ಸಿಕಂದರಾಬಾದಿನಲ್ಲಿ ಮಿಲಿಟರಿ ಸಾಮಾನು ಬೇಕಾದಷ್ಟು ಸಿಗುತ್ತಂತೆ. ಯುದ್ಧಕಾಲದ ಅಸಲಿ ಎಂಜಿನ್ ಒಂದನ್ನು ನೋಡು. ದುಡ್ಡು ಕಳಿಸ್ತೀನಿ. ಅಪ್ಪನಿಗೆ ತೊಂಬತ್ತಾಯಿತು. ಹಳೇ ಎಂಜಿನ್ ಸದ್ದಿನಲ್ಲಿ ಒಂದು ಸಲ ತೋಟ ಸುತ್ತಬೇಕು ಅಂತಾರೆ.”

ನನ್ನ ಶ್ರೀಮತಿ ಇದನ್ನು ಕೇಳಿ, “ಮನೇಲಿ ಮಿಕ್ಸಿ ಕೆಟ್ಟು ತಿಂಗಳಾಯ್ತು. ಇವರು ಜೀಪಿನ ಎಂಜಿನ್ ಹುಡುಕೋಕೆ ಹೊರಟರು” ಎಂದಳು. ಅಕ್ಕನ ಗಂಡನ ಮಾತು; ಇಲ್ಲವೆನ್ನುವುದು ಹೇಗೆ?

ಮೂರಕ್ಷರದ ಒಳಗುಟ್ಟು

ಹುಡುಕಲು ಹೊರಡುವ ಮೊದಲು ಈ ಜೀಪೆಂಬುದು ಏನೆಂದು ಓದಿಕೊಂಡೆ. ಓದಿದವನಿಗೆ ಇದೊಂದೇ ಬಲ.

೧೯೪೦ರಲ್ಲಿ ಅಮೆರಿಕದ ಸೈನ್ಯ, ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಗಾಡಿಯೊಂದನ್ನು ಮಾಡಿಕೊಡಿರೆಂದು ಕಾರ್ಖಾನೆಗಳನ್ನು ಕೇಳಿತು. ಮೊದಲ ಮಾದರಿಯನ್ನು ಒಪ್ಪಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ಸ್ಪರ್ಧೆಯಲ್ಲಿ ಗೆದ್ದದ್ದು ವಿಲ್ಲಿಸ್. ಗೆಲ್ಲಿಸಿದ್ದು ಅದರ ಎಂಜಿನ್. ಬಾರ್ನಿ ರೂಸ್ ಎಂಬ ಎಂಜಿನಿಯರು ಸುಮಾರು ೪೮ ಅಶ್ವಶಕ್ತಿಯ ಹಳೆಯ ಎಂಜಿನ್ನೊಂದನ್ನು ತಿದ್ದಿ ತೀಡಿ ೬೦ ಅಶ್ವಶಕ್ತಿಗೆ ಏರಿಸಿದ್ದ. ನಾಲ್ಕು ಸಿಲಿಂಡರು, ೧೩೪ ಘನ ಅಂಗುಲ, ಎಂದರೆ ಸುಮಾರು ೨.೨ ಲೀಟರು. ಇದಕ್ಕೆ ‘ಗೋ ಡೆವಿಲ್’ ಎಂದು ಹೆಸರು.

ಯುದ್ಧದ ಬೇಡಿಕೆಯನ್ನು ವಿಲ್ಲಿಸ್ ಒಂದೇ ಪೂರೈಸಲಾರದೆ ಹೋದಾಗ ಅದೇ ನಕ್ಷೆಯ ಮೇಲೆ ಫೋರ್ಡ್ ಕಂಪನಿಯೂ ಜೀಪುಗಳನ್ನು ಕಟ್ಟಿತು. ಎರಡು ಕಂಪನಿಗಳೂ ಸೇರಿ ತಯಾರಿಸಿದ್ದು ಆರು ಲಕ್ಷಕ್ಕೂ ಮೇಲೆ. ವಿಲ್ಲಿಸ್ ಮಾಡಿದ್ದಕ್ಕೆ ‘ಎಂ.ಬಿ.’ ಎಂದೂ ಫೋರ್ಡ್ ಮಾಡಿದ್ದಕ್ಕೆ ‘ಜಿ.ಪಿ.ಡಬ್ಲ್ಯು.’ ಎಂದೂ ಹೆಸರು. ಈ ಮೂರಕ್ಷರದಲ್ಲಿ ‘ಜಿ’ ಎಂದರೆ ಸರ್ಕಾರದ್ದು, ‘ಪಿ’ ಎಂದರೆ ಮುಂದಿನ ಹಿಂದಿನ ಚಕ್ರಗಳ ನಡುವೆ ೮೦ ಅಂಗುಲ ಅಂತರದ್ದು, ‘ಡಬ್ಲ್ಯು’ ಎಂದರೆ ವಿಲ್ಲಿಸ್ ಎಂಜಿನ್ನಿನದು. ಪ್ರತಿಸ್ಪರ್ಧಿಯ ಹೆಸರನ್ನು ಫೋರ್ಡ್ ತನ್ನ ಗಾಡಿಯ ಹೆಸರಿನಲ್ಲಿಯೇ ಹೊತ್ತು ತಿರುಗಿತು! ತನ್ನ ಅಭಿಮಾನವನ್ನು ಅದು ತೋರಿಸಿದ್ದು ಬೇರೆಡೆ: ಬೋಲ್ಟುಗಳಿಂದ ಹಿಡಿದು ಸಣ್ಣ ಸಣ್ಣ ಭಾಗಗಳ ಮೇಲೂ ‘ಎಫ್’ ಅಕ್ಷರವನ್ನು ಒತ್ತಿತು.

ಯುದ್ಧ ಮುಗಿದಾಗ ಇಂಡಿಯಾ, ಬರ್ಮಾ, ಚೀನಾ ರಣರಂಗಗಳಿಗೆಂದು ತಂದ ಸಾಮಾನಿನ ರಾಶಿ ನಮ್ಮ ದೇಶದಲ್ಲಿಯೇ ಉಳಿಯಿತು. ಹೊತ್ತು ಹಿಂದಕ್ಕೆ ಒಯ್ಯುವುದಕ್ಕಿಂತ ಮಾರಿಬಿಡುವುದೇ ಲಾಭವಾಗಿತ್ತು. ಹೀಗೆ ಜೀಪುಗಳು ಹರಾಜಿನ ಮೂಲಕ ತೋಟದವರಿಗೂ ಗುತ್ತಿಗೆದಾರರಿಗೂ ಸಿಕ್ಕಿದವು. ೧೯೪೭ರಿಂದ ಮಹೀಂದ್ರ ಕಂಪನಿಯವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಇದರಿಂದ ಒಂದು ತೊಡಕು ಹುಟ್ಟಿತು. ಯುದ್ಧಕಾಲದ ಎಂಜಿನ್ನು, ಯುದ್ಧಾನಂತರದ ವಿಲ್ಲಿಸ್ ಎಂಜಿನ್ನು, ಆಮೇಲಿನ ಮಹೀಂದ್ರ ಎಂಜಿನ್ನು, ಮೂರೂ ಒಂದೇ ವಂಶದವು. ಮುಖಲಕ್ಷಣ ಒಂದೇ. ದಾಯಾದಿಗಳನ್ನು ಅಪರಿಚಿತನು ಗುರುತಿಸಬೇಕಾದಾಗ ಆಗುವ ಗಲಿಬಿಲಿಯೇ ಇಲ್ಲಿಯೂ ಆಗುತ್ತದೆ.

ಹಸಿರು ಬಣ್ಣದ ಮೋಹ

ಸಿಕಂದರಾಬಾದು ಹಳೆಯ ದಂಡಿನ ಊರು. ತಿರುಮಲಗಿರಿಯಲ್ಲಿ ಸೈನ್ಯದ ಯಂತ್ರವಿದ್ಯೆ ಕಲಿಸುವ ಇ.ಎಂ.ಇ. ಕಾಲೇಜು ಇದೆ. ರಾಣಿಗಂಜಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿವೆ. ನಾಲ್ಕಾರು ಭಾನುವಾರ ಅಲೆದು ವಿಚಾರಿಸಿದ ಮೇಲೆ, ಊರಹೊರಗಿನ ಗೋದಾಮೊಂದರಲ್ಲಿ ಎಂಜಿನ್ನೊಂದು ಇದೆಯೆಂದು ತಿಳಿಯಿತು. ಹೋಗಿ ನೋಡಿದೆ. ಹಸಿರು ಬಣ್ಣ ಬಳಿದು ಮರದ ಪೀಠದ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ‘ಎಂ.ಬಿ.’ ಎಂದು ಕೊರೆದು ಮುಂದೆ ಆರು ಅಂಕೆಗಳು. ನಾನು ಪುಸ್ತಕದಲ್ಲಿ ಓದಿದ್ದ ಅಕ್ಷರಗಳೇ! ಸಾಕ್ಷಾತ್ಕಾರವಾದಂತಾಯಿತು. ಅಲ್ಲಿಯೇ ಐದು ಸಾವಿರ ರೂಪಾಯಿ ಮುಂಗಡ ಎಣಿಸಿಬಿಟ್ಟೆ.

ಮನೆಗೆ ಬಂದ ಮೇಲೆ ಭಾವನವರ ಹಣವೆಂಬ ಭಯ ಹುಟ್ಟಿತು. ಕಚೇರಿಯ ಸ್ನೇಹಿತರೊಬ್ಬರು ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಮೇಸ್ತ್ರಿಯೊಬ್ಬರ ಪರಿಚಯ ಮಾಡಿಸಿದರು. ಬೀದರಿನ ಕಡೆಯವರು. ಕನ್ನಡ ಬಾಯಲ್ಲಿ ಕೇಳಿದೊಡನೆ ನನಗೆ ಅರ್ಧ ಧೈರ್ಯ ಬಂತು.

ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ಮುಗ್ಗರಿಸಿದೆ. “ಸಾಹೇಬ್ರ, ನಿಮ್ಮ ಭಾವನವ್ರ ಜೀಪು ಫೋರ್ಡೋ, ವಿಲ್ಲಿಸೋ? ಚಾಸಿ ನಂಬರ್ ಏನದ?”

ನನಗೆ ಗೊತ್ತಿರಲಿಲ್ಲ. ಭಾವನಿಗೂ ಗೊತ್ತಿರಲಿಲ್ಲ. “ಕಾಲಿನ ಅಳತೀನೇ ಇಲ್ದ ಜೋಡು ಕೊಂಡೀರಲ್ರಿ” ಎಂದು ನಕ್ಕು ಮೇಸ್ತ್ರಿಗಳು ನನ್ನ ಜೊತೆ ಗೋದಾಮಿಗೆ ಹೊರಟರು.

ಕಬ್ಬಿಣ ಹೇಳಿದ ಸಾಕ್ಷಿ

ಅಲ್ಲಿ ಅವರು ಮಾಡಿದ ತನಿಖೆಯನ್ನು ಕ್ರಮವಾಗಿ ಹೇಳುತ್ತೇನೆ. ಇಷ್ಟೊಂದು ಶ್ರದ್ಧೆಯಿಂದ ಕಡತ ಓದುವ ಅಧಿಕಾರಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಮೊದಲು ಬಣ್ಣ. ನಾನು ಮೆಚ್ಚಿದ್ದ ಹಸಿರು ಬಣ್ಣವನ್ನು ಕಂಡೊಡನೆ ಅವರ ಹುಬ್ಬು ಗಂಟಿಕ್ಕಿತು. “ಬಣ್ಣ ಹಚ್ಚಿದ ಎಂಜಿನ್ ಅಂದ್ರ ಕಾರಹುಣ್ಣಿಮಿ ಎತ್ತಿದ್ದಂಗರಿ. ಕೋಡಿಗಿ ಬಣ್ಣ ಇರ್ತದ, ಹಲ್ಲು ನೋಡಿ ವಯಸ್ಸು ತಿಳೀಬೇಕು.” ಹೊಸ ಬಣ್ಣ ಬಿರುಕನ್ನು ಮುಚ್ಚುತ್ತದೆ, ಬೆಸುಗೆಯನ್ನು ಮುಚ್ಚುತ್ತದೆ, ಅರದ ಗೀರನ್ನೂ ಮುಚ್ಚುತ್ತದೆ. ಎಣ್ಣೆ ಕೊಳೆಯಿಂದ ಕಪ್ಪಾದ ಎಂಜಿನ್ನೇ ನಂಬಿಕೆಗೆ ಹೆಚ್ಚು ಯೋಗ್ಯವೆಂದು ಅವರ ಮತ.

ಎರಡನೆಯದು ಆಕಾರ. ಯುದ್ಧಕಾಲದ ಎಂಜಿನ್ನಿನ ತಲೆ ಚಪ್ಪಟೆ. ಎಂಟು ವಾಲ್ವುಗಳೂ ಬ್ಲಾಕಿನೊಳಗೆ ಸಿಲಿಂಡರುಗಳ ಪಕ್ಕದಲ್ಲಿಯೇ ಇರುವುದರಿಂದ ಮೇಲಿನ ಹೆಡ್ಡು ಬರಿಯ ಮುಚ್ಚಳವಿದ್ದಂತೆ. ಮುಂದಿನ ಕಾಲದ ‘ಹರಿಕೇನ್’ ಎಂಬ ಎಂಜಿನ್ನಿನಲ್ಲಿ ಗಾಳಿಯನ್ನು ಒಳಗೆ ಬಿಡುವ ವಾಲ್ವುಗಳು ಹೆಡ್ಡಿಗೆ ಏರಿದವು. ಆದ್ದರಿಂದ ಅದರ ನೆತ್ತಿಯ ಮೇಲೆ ತಗಡಿನ ಮುಚ್ಚಳವೊಂದು ಕಾಣುತ್ತದೆ, ಎತ್ತರವೂ ಹೆಚ್ಚು. ಮಹೀಂದ್ರ ಜೀಪುಗಳಲ್ಲಿ ಬಹುಕಾಲ ಬಂದದ್ದು ಈ ಬಗೆ. ಹೀಗೆ ನೆತ್ತಿಯನ್ನು ನೋಡಿದರೇ ಅರ್ಧದಷ್ಟು ನಕಲು ಬಯಲಾಗುತ್ತದೆ. ಗೋದಾಮಿನ ಎಂಜಿನ್ನು ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ತಲೆ ಚಪ್ಪಟೆಯಾಗಿಯೇ ಇತ್ತು.

ಮೂರನೆಯದು ಕೊರೆದ ಸಂಖ್ಯೆ. ಎಂಜಿನ್ನಿನ ಬಲಮಗ್ಗುಲಿನಲ್ಲಿ, ಎಣ್ಣೆ ಸೋಸುವ ಡಬ್ಬಿಯ ಹಿಂದೆ, ನಯಮಾಡಿದ ಒಂದು ಸಣ್ಣ ಕಟ್ಟೆ ಇರುತ್ತದೆ. ಕಾರ್ಖಾನೆಯವರು ಸಂಖ್ಯೆಯನ್ನು ಒತ್ತುತ್ತಿದ್ದುದು ಅದರ ಮೇಲೆ. ಒಂದೊಂದು ಅಂಕೆಯನ್ನೂ ಕೈಯಲ್ಲಿ ಅಚ್ಚಿಟ್ಟು ಹೊಡೆಯುತ್ತಿದ್ದುದರಿಂದ ಸಾಲು ತುಸು ಡೊಂಕಾಗಿರುವುದು ಸಹಜ. ಅತಿಯಾದ ಅಚ್ಚುಕಟ್ಟೇ ಸಂಶಯಕ್ಕೆ ಕಾರಣ. ಮೇಸ್ತ್ರಿಗಳು ಸೀಮೆಎಣ್ಣೆಯ ಚಿಂದಿಯಿಂದ ಕಟ್ಟೆಯ ಬಣ್ಣ ತೊಡೆದು, ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದರು. ಓರೆ ಬೆಳಕಿನಲ್ಲಿ ಅರದ ಗೀರುಗಳು ಉಗುರಿನ ಗೆರೆಗಳಂತೆ ಎದ್ದು ಕಂಡವು. ‘ಎಂ’ ಅಕ್ಷರದ ಎಡಕ್ಕೆ, ಮಂಜಿನಲ್ಲಿ ಕಂಡಂತೆ, ಇಂಗ್ಲಿಷಿನ ‘ಜೆ’ ಅಕ್ಷರದ ಕೊಕ್ಕೆಯ ತುದಿ ಉಳಿದಿತ್ತು!

ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಂಪನಿ ನಾಗರಿಕರಿಗೆಂದು ಮಾಡಿದ ಜೀಪಿನ ಎಂಜಿನ್ ಸಂಖ್ಯೆ ‘ಜೆ’ ಅಕ್ಷರದಿಂದ ಮೊದಲಾಗುತ್ತದೆ. ಯಾರೋ ಪುಣ್ಯಾತ್ಮರು ಅದನ್ನು ಅರೆದು ‘ಎಂ.ಬಿ.’ ಮಾಡಿದ್ದರು.

ನಾಲ್ಕನೆಯದು ಎರಕದ ಸಂಖ್ಯೆ. ಇದು ಕೊರೆದದ್ದಲ್ಲ, ಬ್ಲಾಕನ್ನು ಎರಕ ಹೊಯ್ದಾಗಲೇ ಉಬ್ಬಿ ನಿಂತದ್ದು. ಈ ಸಂಖ್ಯೆ ಒಂದೊಂದು ಎಂಜಿನ್ನಿಗೆ ಬೇರೆಯಲ್ಲ, ಆ ಮಾದರಿಗೆಲ್ಲ ಒಂದೇ. ವಿಲ್ಲಿಸ್ಸಿನ ಯುದ್ಧಕಾಲದ ಬ್ಲಾಕಿನ ಮೇಲೆ ೬೩೮೬೩೨ ಎಂದು ಇರುತ್ತದೆ. ಕೊರೆದ ಸಂಖ್ಯೆಯನ್ನು ಅರೆದು ಬದಲಿಸಬಹುದು. ಉಬ್ಬಿದ ಸಂಖ್ಯೆಯನ್ನು ಬದಲಿಸುವುದು ಸುಲಭವಲ್ಲ. ಗೋದಾಮಿನ ಎಂಜಿನ್ನಿನ ಮೇಲೆ ಇದ್ದದ್ದು ಬೇರೆಯೇ ಸಂಖ್ಯೆ. ಅಲ್ಲಿಗೆ ತೀರ್ಪು ಹೊರಬಿತ್ತು.

“ಕಾಗದ ಸುಳ್ಳ ಹೇಳ್ತದ, ಮನುಷ್ಯಾ ಸುಳ್ಳ ಹೇಳ್ತಾನ. ಕಬ್ಬಿಣ ಸುಳ್ಳ ಹೇಳಂಗಿಲ್ರಿ, ಅದರ ಬಾಯಾಗ ಸುಳ್ಳ ತುರುಕಿದ್ರೂ ಗುರ್ತು ಉಳೀತದ” ಎಂದರು ಮೇಸ್ತ್ರಿಗಳು. ಆಮೇಲೆ ನಾನು ಓದಿ ತಿಳಿದದ್ದು: ಇದು ಬರಿಯ ಮಾತಲ್ಲ. ಅಚ್ಚಿನ ಪೆಟ್ಟು ಅಂಕೆಯ ಕೆಳಗಿನ ಲೋಹವನ್ನೂ ಅದುಮಿರುತ್ತದೆ. ಮೇಲಿನ ಅಂಕೆಯನ್ನು ಅರೆದರೂ ಅದುಮಿದ ಲೋಹ ಉಳಿಯುತ್ತದೆ. ಅದರ ಮೇಲೆ ತಕ್ಕ ಆಮ್ಲದ್ರಾವಣ ಸವರಿದಾಗ ಅಳಿಸಿದ ಅಂಕೆ ಮತ್ತೆ ಮೂಡುವುದುಂಟು. ಉಕ್ಕಿನ ಮೇಲೆ ಇದು ಚೆನ್ನಾಗಿ ನಡೆಯುತ್ತದೆ, ಎರಕದ ಕಬ್ಬಿಣದ ಮೇಲೆ ಕಷ್ಟ. ಕಳವಿನ ವಾಹನಗಳ ಗುರುತು ಹಿಡಿಯಲು ಅಪರಾಧ ಪರೀಕ್ಷೆಯ ಪ್ರಯೋಗಾಲಯಗಳು ಈ ಉಪಾಯವನ್ನೇ ಬಳಸುತ್ತವೆ. ನಮ್ಮ ಹೈದರಾಬಾದಿನ ರಾಮಂತಾಪುರದಲ್ಲಿಯೂ ಕೇಂದ್ರ ಸರ್ಕಾರದ ಅಂಥ ಒಂದು ಪ್ರಯೋಗಾಲಯವಿದೆ.

ಗೋದಾಮಿನವರು, ತಾವು ಕೊಂಡದ್ದೇ ಹಾಗೆ ಎಂದರು. ಇರಬಹುದು. ಜಗಳವಾಡಿ, ಗೋಗರೆದು, ಮೂರು ಸಾವಿರ ಹಿಂದಕ್ಕೆ ಪಡೆದೆ. ಉಳಿದ ಎರಡು ಸಾವಿರವನ್ನು ನನ್ನ ವಿದ್ಯಾಭ್ಯಾಸದ ಶುಲ್ಕವೆಂದು ಬರೆದುಕೊಂಡು ಭಾವನವರ ಲೆಕ್ಕಕ್ಕೆ ನನ್ನ ಸಂಬಳದಿಂದ ತುಂಬಿದೆ. ಮಿಕ್ಸಿಯ ರಿಪೇರಿ ಇನ್ನೊಂದು ತಿಂಗಳು ಮುಂದೆ ಹೋಯಿತು.

ಆರೋಗ್ಯದ ಪರೀಕ್ಷೆ

ಅಸಲು ಎಂಬುದು ಒಂದು ಮಾತು. ಗಟ್ಟಿ ಎಂಬುದು ಇನ್ನೊಂದು. ಹಿಂದಕ್ಕೆ ಬರುವ ದಾರಿಯಲ್ಲಿ ಮೇಸ್ತ್ರಿಗಳು ಎರಡನೆಯದರ ಪಾಠವನ್ನೂ ಹೇಳಿಕೊಟ್ಟರು.

ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಬೇಕು. ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ಬೆಳಗಿನ ಚಳಿಯಲ್ಲಿ ಅದು ಹೊರಡಲು ಎಷ್ಟು ಸತಾಯಿಸುತ್ತದೆ ಎಂಬುದು ಗೊತ್ತಾಗುವುದಿಲ್ಲ. ಎಣ್ಣೆಯ ಅಳತೆಗೋಲನ್ನು ಹೊರಗೆಳೆದು ನೋಡಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಒಳಗೆ ಸೇರಿದೆಯೆಂದು ಅರ್ಥ. ಬ್ಲಾಕೋ ಹೆಡ್ಡೋ ಬಿರಿದಿರಬಹುದು. ಎಣ್ಣೆ ವಿಪರೀತ ಮಂದವಾಗಿದ್ದರೆ ಒಳಗಿನ ಗಡಗಡ ಸದ್ದನ್ನು ಅಡಗಿಸಲು ಸುರಿದದ್ದೆಂದು ಅನುಮಾನಿಸಬೇಕು. ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದರೆ, ಎರಡು ಸುತ್ತಿನಲ್ಲಿ ನಾಲ್ಕು ಬಾರಿ ಕೈಗೆ ತಡೆ ಸಿಕ್ಕಬೇಕು, ನಾಲ್ಕೂ ಒಂದೇ ಸಮನಾಗಿರಬೇಕು. ಎಲ್ಲಿ ಕೈ ಸಡಿಲವಾಗಿ ಹಾದುಹೋಯಿತೋ ಆ ಸಿಲಿಂಡರಿನಲ್ಲಿ ದಮ್ಮಿಲ್ಲ. ಅಳೆಯುವ ಗೇಜು ಇದ್ದರೆ ಇನ್ನೂ ಒಳ್ಳೆಯದು. ಈ ಜಾತಿಯ ಎಂಜಿನ್ನು ಚೆನ್ನಾಗಿದ್ದರೆ ಚದರ ಅಂಗುಲಕ್ಕೆ ಸುಮಾರು ೧೧೦ ಪೌಂಡು ಒತ್ತಡ ತೋರಿಸುತ್ತದೆ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಹತ್ತು ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಅವಕಾಶವಿದ್ದರೆ ಹೆಡ್ಡನ್ನು ಬಿಚ್ಚಿಸಬೇಕು. ತಲೆ ಚಪ್ಪಟೆಯಾದ್ದರಿಂದ ಅದು ದೊಡ್ಡ ಕೆಲಸವಲ್ಲ. ವಾಲ್ವು ಕೂರುವ ಜಾಗಕ್ಕೂ ಸಿಲಿಂಡರಿಗೂ ನಡುವಿನ ಕಿರಿದಾದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುವುದು ಈ ಎಂಜಿನ್ನಿನ ಹಳೆಯ ಕಾಯಿಲೆ. ಘಾಟಿ ಹತ್ತಿ ಕುದಿಯುವ ಎಂಜಿನ್ನಿಗೆ ಆತುರಪಟ್ಟು ತಣ್ಣೀರು ಹೊಯ್ದವರ ಪಾಪ ಅಲ್ಲಿ ಕೂತಿರುತ್ತದೆ. ಸಿಲಿಂಡರಿನ ಬಾಯಿ ಮೊದಲಿಗೆ ೩ ೧/೮ ಅಂಗುಲ. ಪ್ರತಿ ಸಲ ಕೊರೆಸಿದಾಗಲೂ ಅದು ಅಗಲವಾಗುತ್ತದೆ. ಎಷ್ಟು ಸಲ ಕೊರೆಸಿದ್ದಾರೆಂಬುದು ಅಳತೆಯಲ್ಲಿ ತಿಳಿಯುತ್ತದೆ.

ಇದನ್ನು ಬರೆಯುವಾಗ ನಮ್ಮ ಬೆಂಗಳೂರಿನ ಒಂದು ಸಾಹಸ ನೆನಪಾಗುತ್ತದೆ. ಯುದ್ಧಾನಂತರ ಕಾನಪುರದ ಚಕೇರಿಯಲ್ಲಿ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರು ವಿಮಾನಗಳನ್ನು ಬ್ರಿಟಿಷರು ರಾಶಿ ಹಾಕಿ ಹೋಗಿದ್ದರು. ಮತ್ತೆ ಯಾರೂ ಹಾರಿಸಬಾರದೆಂದು ಎಂಜಿನ್ನುಗಳಿಗೆ ಮರಳು ಸುರಿದು ಉಪಕರಣಗಳನ್ನು ಒಡೆದಿದ್ದರು. ೧೯೪೮ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ಆ ರಾಶಿಯನ್ನು ಒಂದೊಂದಾಗಿ ಪರೀಕ್ಷಿಸಿ, ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ, ನಲವತ್ತು ವಿಮಾನಗಳವರೆಗೆ ಎಬ್ಬಿಸಿದರು. ಅವರ ಪರೀಕ್ಷಾ ವೈಮಾನಿಕ ಜಮ್ಷೇಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅವು ೧೯೬೮ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಆಮೇಲೆ ಅವುಗಳಲ್ಲಿ ಕೆಲವನ್ನು ಇಂಗ್ಲೆಂಡ್, ಕೆನಡಾ, ಅಮೆರಿಕಗಳ ವಸ್ತುಸಂಗ್ರಹಾಲಯಗಳು ಆದರದಿಂದ ಬರಮಾಡಿಕೊಂಡವು. ಯಾರೋ ‘ನಿರುಪಯುಕ್ತ’ ಎಂದು ಷರಾ ಬರೆದ ಮಾತ್ರಕ್ಕೆ ವಸ್ತು ಸತ್ತಿತೆಂದು ಅರ್ಥವಲ್ಲ. ಬಿಚ್ಚಿ ನೋಡಿದವನೇ ಬಲ್ಲ.

ಮೂರು ಬೆಲೆ

ಬೆಲೆಯ ಮಾತಿಗೆ ಬರೋಣ. ಇಂಥ ಎಂಜಿನ್ನಿಗೆ ಒಂದಲ್ಲ, ಮೂರು ಬೆಲೆ ಉಂಟು. ಮೊದಲನೆಯದು ತೂಕದ ಬೆಲೆ. ಗುಜರಿಯವನು ತಕ್ಕಡಿಯಲ್ಲಿ ನೋಡುವುದು ಅದನ್ನೇ. ಎರಡನೆಯದು ದುಡಿಮೆಯ ಬೆಲೆ. ಅದು ಓಡುತ್ತದೆಯೆ, ಓಡಿಸಲು ಇನ್ನೆಷ್ಟು ಖರ್ಚು, ಬಿಡಿಭಾಗ ಸಿಗುತ್ತದೆಯೆ ಎಂಬ ಲೆಕ್ಕ. ಮೂರನೆಯದು ಚರಿತ್ರೆಯ ಬೆಲೆ. ಇದು ಹುಟ್ಟಿದ ಗಾಡಿ ಯಾವುದು, ಆ ಗಾಡಿ ಈಗಲೂ ಇದೆಯೆ, ಎರಡನ್ನೂ ಕೂಡಿಸುವ ಕಾಗದವಿದೆಯೆ? ಮೂರಕ್ಕೂ ‘ಹೌದು’ ಎಂದಾದರೆ ಮೂರನೆಯ ಬೆಲೆ ಮೊದಲಿನೆರಡನ್ನು ನುಂಗಿಹಾಕುತ್ತದೆ.

ನಮ್ಮ ಸೈನ್ಯದ ‘ಜೋಂಗಾ’ ಇದಕ್ಕೆ ಒಳ್ಳೆಯ ನಿದರ್ಶನ. ಜಪಾನಿನ ನಿಸಾನ್ ಕಂಪನಿಯ ಮಾದರಿಯ ಮೇಲೆ ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ೧೯೬೯ರಿಂದ ೧೯೯೯ರವರೆಗೆ ಅದನ್ನು ಕಟ್ಟಿದರು. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ಹರಾಜಿನಲ್ಲಿ ಕೊಂಡವರು ಪೆಟ್ರೋಲಿಗೆ ಹೆದರಿ ಆ ಎಂಜಿನ್ನನ್ನು ಕಿತ್ತು ಡೀಸೆಲ್ಲಿನದನ್ನು ಕೂರಿಸಿದರು. ಕಿತ್ತದ್ದು ತೂಕಕ್ಕೆ ಹೋಯಿತು. ಈಗ ಗಾಡಿಯನ್ನು ಮೊದಲಿನಂತೆ ಮಾಡಬೇಕೆನ್ನುವ ಶೋಕಿಲಾಲರು ಅದೇ ಎಂಜಿನ್ನಿಗಾಗಿ ಊರೂರು ಅಲೆಯುತ್ತಾರೆ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಸಂಖ್ಯೆ ಹೊಂದಿಕೊಳ್ಳಲಿಲ್ಲವೆಂದ ಮಾತ್ರಕ್ಕೆ ಮೋಸವೆಂದು ಕೂಗಬಾರದು. ವಿಲ್ಲಿಸ್ ಕಾರ್ಖಾನೆಯಲ್ಲಿ ಚಾಸಿಗೂ ಎಂಜಿನ್ನಿಗೂ ಬೇರೆ ಬೇರೆ ಸಂಖ್ಯೆ ಕೊಡುತ್ತಿದ್ದರು. ಫೋರ್ಡ್ ಮಾತ್ರ ಎರಡಕ್ಕೂ ಒಂದೇ ಸಂಖ್ಯೆ ಒತ್ತುತ್ತಿತ್ತು. ಜೊತೆಗೆ, ಯುದ್ಧಭೂಮಿಯ ವರ್ಕ್‌ಶಾಪಿನಲ್ಲಿ ಕೆಟ್ಟ ಎಂಜಿನ್ನನ್ನು ಇಳಿಸಿ ಕೈಗೆ ಸಿಕ್ಕ ಇನ್ನೊಂದನ್ನು ಏರಿಸಿ ಗಾಡಿಯನ್ನು ಕಳಿಸುವುದೇ ಪದ್ಧತಿ. ಅದು ಪ್ರಾಮಾಣಿಕವಾದ ಬದಲಾವಣೆ. “ಎಂಜಿನ್ ಬದಲಾಗಿದೆ” ಎಂದು ಒಪ್ಪಿಕೊಳ್ಳುವ ಎಂಜಿನ್ನಿಗೆ ಒಂದು ಮರ್ಯಾದೆ ಇದೆ. ಅರೆದು ಅಳಿಸಿ ಹೊಸ ಜಾತಕ ಬರೆದ ಎಂಜಿನ್ನಿಗೆ ಅದಿಲ್ಲ. ಅದು ಗಟ್ಟಿಯಾಗಿದ್ದರೂ ತನ್ನ ನಿಜವಾದ ಹೆಸರನ್ನು ಕಳೆದುಕೊಂಡಿರುತ್ತದೆ. ಗೋದಾಮಿನಲ್ಲಿದ್ದದ್ದು ‘ಜೆ’ ಎಂದೇ ಉಳಿದಿದ್ದರೆ ಎಪ್ಪತ್ತು ವರ್ಷ ದಾಟಿದ ಯೋಗ್ಯ ಎಂಜಿನ್ನಾಗಿಯೇ ಯಾರಾದರೂ ಕೊಳ್ಳುತ್ತಿದ್ದರು.

ಕಾನೂನಿನ ಮಾತೂ ಇದೆ. ವಾಹನದ ಎಂಜಿನ್ ಬದಲಿಸಿದರೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ನೋಂದಣಿ ಪತ್ರದಲ್ಲಿ ಹೊಸ ಸಂಖ್ಯೆಯನ್ನು ಬರೆಸಬೇಕು. ಅಳಿಸಿ ಬರೆದ ಸಂಖ್ಯೆಯ ಎಂಜಿನ್ ಕೊಂಡವನು ಕಳವಿನ ಮಾಲಿನ ತೊಡಕಿಗೂ ಸಿಕ್ಕಬಹುದು. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿ ಉಳಿದ ಗಾಡಿಗೆ ಆ ಮಾನ್ಯತೆ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಮೊದಲೇ ನೋಂದಣಿ ಇದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಅಸಲುತನಕ್ಕೆ ಈಗ ಸರ್ಕಾರದ ಮೊಹರೂ ಉಂಟೆಂದಾಯಿತು.

ಇನ್ನು ಸರ್ಕಾರಿ ಹರಾಜಿನಲ್ಲಿಯೇ ಕೊಳ್ಳುವವರಿಗೆ ಒಂದು ಮಾತು. ಇಂದು ಇಂಥ ಹರಾಜುಗಳು ಎಂ.ಎಸ್.ಟಿ.ಸಿ. ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಕಂಪ್ಯೂಟರಿನ ಮೇಲೆಯೇ ನಡೆಯುತ್ತವೆ. ಷರತ್ತು ಒಂದೇ: ‘ಇದ್ದಂತೆ, ಇದ್ದಲ್ಲಿಯೇ.’ ಆಮೇಲೆ ದೂರುವ ಹಾಗಿಲ್ಲ. ಮುಂಚಿತವಾಗಿ ಹೋಗಿ ನೋಡಲು ದಿನ ಗೊತ್ತುಮಾಡಿರುತ್ತಾರೆ. ಆ ದಿನ ಮನೆಯಲ್ಲಿ ಕೂತವನು ಬಳಿಕ ಯಾರನ್ನೂ ಬಯ್ಯುವಂತಿಲ್ಲ.

ಕಣದ ಹಿಂದಿನ ಷೆಡ್ಡಿನಲ್ಲಿ

ಮೇಸ್ತ್ರಿಗಳ ಮೊದಲ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು: ಜೀಪು ಫೋರ್ಡೋ, ವಿಲ್ಲಿಸೋ? ಬೇಸಿಗೆ ರಜಕ್ಕೆ ಸಕಲೇಶಪುರಕ್ಕೆ ಹೋದಾಗ ಮಗನನ್ನೂ ಕರೆದುಕೊಂಡು ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವರು ಹೇಳಿಕೊಟ್ಟಂತೆ, ರೇಡಿಯೇಟರಿನ ಕೆಳಗೆ ಎರಡು ತೊಲೆಗಳನ್ನು ಕೂಡಿಸುವ ಅಡ್ಡಪಟ್ಟಿಯನ್ನು ಮುಟ್ಟಿ ನೋಡಿದೆ. ವಿಲ್ಲಿಸ್ಸಿನದಾದರೆ ದುಂಡನೆಯ ಕೊಳವೆ, ಫೋರ್ಡಿನದಾದರೆ ಚೌಕ. ಕೈಗೆ ಸಿಕ್ಕಿದ್ದು ಚೌಕ. ಎಡಗಡೆಯ ತೊಲೆಯ ಮೇಲ್ಭಾಗದ ಕೊಳೆಯನ್ನು ಕೆರೆದಾಗ ಅಂಕೆಗಳ ಸುಳಿವು ಕಂಡಿತು, ಓದಲಾಗಲಿಲ್ಲ. ಮಗ ತನ್ನ ಪುಸ್ತಕದ ಹಾಳೆಯನ್ನು ಅದರ ಮೇಲಿಟ್ಟು ಪೆನ್ಸಿಲ್ಲನ್ನು ಮಲಗಿಸಿ ಉಜ್ಜಿದ. ಸಾರಿಗೆ ಕಚೇರಿಯವರು ಚಾಸಿ ಸಂಖ್ಯೆಯ ಅಚ್ಚು ತೆಗೆಯುವುದೂ ಹೀಗೆಯೇ. ಹಾಳೆಯ ಮೇಲೆ ‘ಜಿ.ಪಿ.ಡಬ್ಲ್ಯು.’ ಎದ್ದು ಬಂತು. ಹಿಂದೆಯೇ ಅಂಕೆಗಳು. ಕೊನೆಯ ಮೂರು, ೭೧೪.

ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಮಾವನವರು ಇದನ್ನೆಲ್ಲ ನೋಡುತ್ತಿದ್ದರು. “ಏನು ಹುಡುಕ್ತಾ ಇದೀರಪ್ಪ?” ಎಂದರು. ಹೇಳಿದೆವು. “ಹಳೇ ಎಂಜಿನ್ನೇ? ಅದನ್ನು ಕೊಡಲಿಲ್ಲವಲ್ಲ. ಕಣದ ಹಿಂದಿನ ಷೆಡ್ಡಿನಲ್ಲಿ ಹಾಕಿಸಿದ್ದೆ. ಅಪ್ಪ ತಂದದ್ದು, ತೂಕಕ್ಕೆ ಕೊಡೋಕೆ ಮನಸ್ಸಾಗಲಿಲ್ಲ.”

ಭಾವ ತಲೆಯ ಮೇಲೆ ಕೈಹೊತ್ತುಕೊಂಡರು. ಷೆಡ್ಡು ಖಾಲಿ ಮಾಡಲು ಗುಜರಿಯವನಿಗೆ ಅವರು ಆಗಲೇ ಹೇಳಿಕಳಿಸಿದ್ದರು. ಬರುವ ಸೋಮವಾರ ಅವನ ಲಾರಿ ಬರುವುದಿತ್ತು!

ಹರಿದ ಗೋಣಿ, ಮುರಿದ ಪಲ್ಪರಿನ ಚಕ್ರ, ಔಷಧಿ ಹೊಡೆಯುವ ಹಳೆಯ ಪಂಪುಗಳು, ಇವುಗಳಡಿಯಿಂದ ಎಂಜಿನ್ನನ್ನು ನಾಲ್ವರು ಆಳುಗಳು ಹೊರಕ್ಕೆ ತಂದರು. ಇಲಿ ಗೂಡು ಕಟ್ಟಿತ್ತು. ಬಣ್ಣವೆಂಬುದು ಇರಲೇ ಇಲ್ಲ. ಬಲಮಗ್ಗುಲಿನ ಕಟ್ಟೆಯನ್ನು ಸೀಮೆಎಣ್ಣೆಯಿಂದ ತೊಳೆದು ಮಗನ ಕೈಗೆ ಪೆನ್ಸಿಲ್ ಕೊಟ್ಟೆ. ಅವನು ಉಜ್ಜಿದ. ಮೂರಕ್ಷರ, ತುಸು ಡೊಂಕಾದ ಸಾಲು, ಕೊನೆಗೆ ೭೧೪. ಮಾವನವರು ಪೆಟ್ಟಿಗೆಯಿಂದ ತರಿಸಿದ ಹಳೆಯ ನೋಂದಣಿ ಪುಸ್ತಕದಲ್ಲಿ, ಹಳದಿಯಾದ ಹಾಳೆಯ ಮೇಲೆ, ಯಾವನೋ ನನ್ನಂಥ ಗುಮಾಸ್ತ ನೀಲಿಯ ಶಾಯಿಯಲ್ಲಿ ದುಂಡಗೆ ಬರೆದದ್ದೂ ಅದೇ ಸಂಖ್ಯೆ. ಲೋಹ, ಸಂಖ್ಯೆ, ಕಾಗದ, ಮೂರು ಸಾಕ್ಷಿಗಳೂ ಒಂದೇ ಮಾತು ನುಡಿದವು.

ಕಥೆ ಇಲ್ಲಿಗೆ ಸುಖಾಂತವಾಯಿತೆಂದು ಬರೆದರೆ ನಾನೂ ಸಂಖ್ಯೆ ಅರೆದವನೇ ಆದೇನು. ಹೆಡ್ಡು ಬಿಚ್ಚಿಸಿದಾಗ ಮೂರನೆಯ ಸಿಲಿಂಡರಿನ ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡಿತು. ಹಾಸನದಿಂದ ಬಂದ ಮೆಕ್ಯಾನಿಕ್ಕು ಅದನ್ನು ಹೊಲಿಸಬೇಕು, ಹೊಸ ಪಿಸ್ಟನ್ ಬೇಕು, ಖರ್ಚುಂಟು ಎಂದ. ನೋಂದಣಿ ಪತ್ರದಲ್ಲಿ ಡೀಸೆಲ್ ಎಂದು ಇರುವುದನ್ನು ತಿದ್ದಿಸಲು ಅರ್ಜಿ ಹಾಕಬೇಕು. ಅರ್ಜಿಯ ಕೆಲಸವನ್ನು ನಾನು ವಹಿಸಿಕೊಂಡೆ. ಅದೊಂದು ನನಗೆ ಬರುವ ವಿದ್ಯೆ. ಫೋನಿನಲ್ಲಿ ಮೇಸ್ತ್ರಿಗಳಿಗೆ ಬಿರುಕಿನ ಸಂಗತಿ ಹೇಳಿದಾಗ, “ಇರ್ಲಿ ಬಿಡ್ರಿ ಸಾಹೇಬ್ರ, ಬ್ಯಾನಿ ಇದ್ದದ್ದು ಬಾಯಿಬಿಟ್ಟು ಹೇಳೇದಲ್ಲ, ಅದಕ್ಕ ಮದ್ದದ” ಎಂದರು.

ಗುಜರಿಯ ಲಾರಿ ಸೋಮವಾರ ಬಂದು ಮುರಿದ ಚಕ್ರಗಳನ್ನಷ್ಟೇ ಹೊತ್ತುಕೊಂಡು ಹೋಯಿತು. ಮಾವನವರು ಎಂಜಿನ್ನನ್ನು ಜಗಲಿಯ ಪಕ್ಕದಲ್ಲಿಯೇ ಇಡಿಸಿಕೊಂಡಿದ್ದಾರೆ. ದಿನಾ ಬೆಳಗ್ಗೆ ಒಂದು ಸಲ ಅದರ ಮೇಲೆ ಕೈಯಾಡಿಸುತ್ತಾರಂತೆ. ಮಳೆಗಾಲ ಮುಗಿಯುವುದರೊಳಗೆ ರಿಪೇರಿ ಮಾಡಿಸಬೇಕೆಂದು ಭಾವ ಓಡಾಡುತ್ತಿದ್ದಾರೆ. ತೊಂಬತ್ತು ವರ್ಷದವರ ವಿಷಯದಲ್ಲಿ ಮುಂದಿನ ಬೇಸಿಗೆ ಎನ್ನುವ ಹಾಗಿಲ್ಲವಷ್ಟೆ.

ಗಚ್ಚಿಬೌಲಿಗೆ ಹಿಂದಿರುಗಿದ ಮೊದಲ ಭಾನುವಾರ ಮತ್ತೆ ಇಡ್ಲಿ ತಿನ್ನಲು ಹೋದೆವು. ಮಗ ಜೀಪಿನ ಮುಂದೆ ಫೋಟೋಕ್ಕೆ ನಿಲ್ಲಲಿಲ್ಲ. ಬಗ್ಗಿ ಅಡ್ಡಪಟ್ಟಿಯನ್ನು ಮುಟ್ಟಿ ನೋಡಿದ. ಬಾನೆಟ್ಟಿನ ಸಂದಿನಿಂದ ಇಣುಕಿದ. ಒಳಗೆ ನೆತ್ತಿಯ ಮೇಲೆ ತಗಡಿನ ಮುಚ್ಚಳವಿತ್ತು.

“ಅಪ್ಪಾ, ನಕ್ಷತ್ರ ಆಮೇಲೆ ಬರೆದದ್ದು” ಎಂದ.

ನಾನು ಈ ಸಲ ಹಿಂದುಮುಂದು ನೋಡಿಯೇ ಹೌದೆಂದೆ.